ತಪ್ಪಿಗೆ ಜಾಗವಿಲ್ಲದ ತಿರುವು: ಒಬ್ಬ ರೇಸ್ ಚಾಲಕ ಮಿತಿಯನ್ನು ಹುಡುಕಿದ ಪ್ರಕರಣ

ಈ ಪ್ರಕರಣದ ಚಾಲಕನ ಹೆಸರು, ಅವನ ತಂಡ, ಓಡಿದ ಸರ್ಕ್ಯೂಟು ಮತ್ತು ವರ್ಷ ಇವೆಲ್ಲವನ್ನೂ ಬೇಕೆಂದೇ ಬಿಟ್ಟಿದ್ದೇನೆ. ಗುರುತು ಹತ್ತದಿರಲೆಂದು ಮನೆತನದ ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ವೇಗ, ದೂರ, ಕಾಲದ ಅಂಕಿಗಳನ್ನು ಮಾತ್ರ ಕಾರಿನ ಓಟವನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಲಾಗರಿನಲ್ಲಿ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ನಾನು ಧಾರವಾಡದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸುವವನೇ ಹೊರತು ರೇಸ್ ಓಡಿಸುವವನಲ್ಲ. ಲಾಗರು ಬರೆದ ಗೆರೆಗಳನ್ನು ಓದಿ, ಅವು ಏನು ಹೇಳುತ್ತಿವೆ ಎಂಬುದನ್ನು ಚಾಲಕರಿಗೆ ಬಿಡಿಸಿ ಹೇಳುವುದಷ್ಟೇ ನನ್ನ ಪಾಲಿನ ಕೆಲಸ. ಈ ಪ್ರಕರಣದಲ್ಲಿ ಆ ಕೆಲಸವನ್ನು ಮೊದಲ ಸಲ ನಾನು ತಪ್ಪಾಗಿಯೇ ಮಾಡಿದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಹಿನ್ನೆಲೆ

ಹುಡುಗನಿಗೆ ಆಗ ಇಪ್ಪತ್ತೆರಡು ವರ್ಷ. ತಂದೆಗೆ ಹುಬ್ಬಳ್ಳಿಯಲ್ಲಿ ಎರಡು ಮೂರು ಲಾರಿಗಳಿವೆ; ಮಾಲೀಕರಾಗುವ ಮೊದಲು ಅವರೇ ಬಹಳ ವರ್ಷ ಸ್ಟೀರಿಂಗ್ ಹಿಡಿದು ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಯ ಕಡೆಗೆ ಸರಕು ಒಯ್ದವರು. ತಾಯಿಯ ತವರು ನವಲಗುಂದದ ಕಡೆಯ ಒಂದು ಹಳ್ಳಿ. ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ಹುಡುಗ ಸೋದರಮಾವನ ಹಳೆಯ ಜೀಪನ್ನು ಹೊಲದ ದಾರಿಯಲ್ಲಿ ಓಡಿಸಿ ಕಲಿತವನು. ಮಳೆ ಬಿದ್ದ ಎರೆ ಮಣ್ಣಿನ ದಾರಿಯಲ್ಲಿ ಗಾಡಿ ಓಡಿಸಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ: ಸ್ಟೀರಿಂಗ್ ಒಂದು ಕಡೆಗೆ ತಿರುಗಿದರೆ ಗಾಡಿ ತನಗೆ ತೋಚಿದ ಕಡೆಗೆ ಹೋಗುತ್ತದೆ, ಅದನ್ನು ಹಿಡಿದು ತರುವ ಕೈಚಳಕ ತಾನಾಗಿ ಬೆಳೆಯುತ್ತದೆ. ಆ ಕೈಚಳಕ ಇವನಿಗೆ ಧಾರಾಳವಾಗಿ ಬಂದಿತ್ತು. ಕಾರ್ಟಿಂಗ್‌ನಲ್ಲಿ, ಆಮೇಲೆ ಬಯಲಿನಲ್ಲಿ ಕೋನ್‌ಗಳನ್ನಿಟ್ಟು ನಡೆಸುವ ಆಟೋಕ್ರಾಸ್‌ನಲ್ಲಿ ಅವನು ಬೇಗ ಹೆಸರು ಮಾಡಿದ. ಗಾಡಿ ಜಾರಿದ ಮೇಲೆ ಅದನ್ನು ಹಿಡಿಯುವುದರಲ್ಲಿ ಅವನಷ್ಟು ಚುರುಕಾದವರನ್ನು ನಾನು ಹೆಚ್ಚು ಕಂಡಿಲ್ಲ.

ಆದರೆ ಎರೆ ಹೊಲವಾಗಲಿ ಕೋನ್‌ಗಳ ಬಯಲಾಗಲಿ, ಎರಡೂ ಕ್ಷಮಿಸುವ ಜಾಗಗಳು. ಒಂದರಲ್ಲಿ ತಪ್ಪಿದರೆ ಹತ್ತಿಯ ಸಾಲಿಗೆ ಇಳಿಯುತ್ತೀರಿ, ಇನ್ನೊಂದರಲ್ಲಿ ತಪ್ಪಿದರೆ ಒಂದು ಕೋನ್ ಹಾರುತ್ತದೆ. ಅಲ್ಲಿ ಮಿತಿಯನ್ನು, ಅಂದರೆ ಟೈರಿನ ಹಿಡಿತ ಮುಗಿಯುವ ಗಡಿಯನ್ನು, ಹುಡುಕುವ ಸುಲಭದ ದಾರಿ ಎಂದರೆ ಮೊದಲು ಅದನ್ನು ದಾಟಿಬಿಡುವುದು, ಆಮೇಲೆ ಒಂದು ಹೆಜ್ಜೆ ಹಿಂದೆ ಬರುವುದು. ಇಪ್ಪತ್ತೆರಡು ವರ್ಷದವರೆಗೆ ಹುಡುಗನಿಗೆ ಗೊತ್ತಿದ್ದದ್ದು ಆ ಒಂದೇ ದಾರಿ.

ಸರ್ಕ್ಯೂಟುಗಳಲ್ಲಿಯೂ ಈ ಭೇದವಿದೆ. 2011ರಲ್ಲಿ ಫಾರ್ಮುಲಾ ಒನ್‌ಗೆಂದು ತೆರೆದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಂಥ ಹೊಸ ಕಾಲದ ಓಟದಾರಿಗಳಲ್ಲಿ ತಿರುವಿನ ಆಚೆ ಡಾಂಬರಿನದೇ ಅಗಲವಾದ ಬಯಲು ಇರುತ್ತದೆ. ಬ್ರೇಕ್ ತಡವಾದವನು ಅಲ್ಲಿಗೆ ಹೋಗಿ, ಎರಡು ಮೂರು ಸೆಕೆಂಡು ಕಳೆದುಕೊಂಡು, ಮರಳಿ ಬರುತ್ತಾನೆ. ಊರಿನ ಬೀದಿಗಳಲ್ಲೇ ಹಾಯುವ 3.337 ಕಿ.ಮೀ. ಉದ್ದದ ಮೊನಾಕೊ ಸರ್ಕ್ಯೂಟಿನಲ್ಲಿ ಬಿಳಿ ಗೆರೆ ಮುಗಿದಲ್ಲಿ ತಡೆಗೋಡೆ ಶುರುವಾಗುತ್ತದೆ. ಜರ್ಮನಿಯ ನೂರ್‌ಬರ್ಗ್‌ರಿಂಗ್‌ನ ಉತ್ತರದ ಸುತ್ತು ಇಂದಿಗೂ 20.8 ಕಿ.ಮೀ. ಉದ್ದವಾಗಿದ್ದು, ಬಹುಪಾಲು ಗಾರ್ಡ್‌ರೇಲಿನ ಮಗ್ಗುಲಲ್ಲೇ ಹಾದುಹೋಗುತ್ತದೆ. 1975ರಲ್ಲಿ ಆ ಸುತ್ತನ್ನು ಏಳು ನಿಮಿಷದೊಳಗೆ ಮುಗಿಸಿದ ಮೊದಲಿಗ ಆಸ್ಟ್ರಿಯಾದ ಫಾರ್ಮುಲಾ ಒನ್ ಚಾಲಕ ನಿಕಿ ಲಾಡಾ; ಮರುವರ್ಷ ಆಗಸ್ಟ್ 1ರಂದು ಅದೇ ಸುತ್ತಿನಲ್ಲಿ ಉರಿಯುವ ಕಾರಿನೊಳಗೆ ಸಿಕ್ಕಿ ಸಾವಿನ ಬಾಯಿಂದ ಹೊರಬಂದವರೂ ಅವರೇ. ಆ ಓಟದ ನಂತರ ಫಾರ್ಮುಲಾ ಒನ್ ಆ ಉತ್ತರದ ಸುತ್ತಿಗೆ ಮರಳಲಿಲ್ಲ. ಇಂಥ ಕಡೆ ‘ದಾಟಿ ನೋಡಿ ಹಿಂದೆ ಬರುವ’ ವಿಧಾನಕ್ಕೆ ಅವಕಾಶವೇ ಇಲ್ಲ.

ನಮ್ಮ ಹುಡುಗ ಓಡಿದ ಸರ್ಕ್ಯೂಟು ಇವೆರಡರ ನಡುವಿನದು. ಹೆಚ್ಚಿನ ತಿರುವುಗಳ ಹೊರಗೆ ಹುಲ್ಲೋ ಮಣ್ಣೋ ಇದೆ; ಎರಡು ತಿರುವುಗಳಲ್ಲಿ ಮಾತ್ರ ಗೋಡೆ ದಾರಿಯಂಚಿನ ಕರ್ಬಿಗೆ ಹತ್ತಿಕೊಂಡೇ ನಿಂತಿದೆ. ಹುಬ್ಬಳ್ಳಿಯಿಂದ ಯಾವ ಸರ್ಕ್ಯೂಟಿಗೆ ಹೋಗಬೇಕಾದರೂ ಕಾರನ್ನು ಟ್ರಕ್ಕಿಗೆ ಏರಿಸಿ ಒಂದಿಡೀ ರಾತ್ರಿ ಪ್ರಯಾಣ ಮಾಡಬೇಕು. ಜೊತೆಗೆ ಟೈರು, ಪೆಟ್ರೋಲು, ಟ್ರ್ಯಾಕಿನ ಬಾಡಿಗೆ. ಹಾಗಾಗಿ ವರ್ಷಕ್ಕೆ ಸಿಗುವ ಅಭ್ಯಾಸ ಕೆಲವೇ ಗಂಟೆಗಳದ್ದು. ಈ ಕೊರತೆಯನ್ನು ನೆನಪಿನಲ್ಲಿಟ್ಟುಕೊಳ್ಳದೆ ಮುಂದಿನ ನಿರ್ಧಾರಗಳು ಅರ್ಥವಾಗುವುದಿಲ್ಲ.

ನಾಲ್ಕನೇ ತಿರುವು

ಗೋಡೆಯಿದ್ದ ಎರಡರಲ್ಲಿ ಒಂದು ಬಲಕ್ಕೆ ಹೊರಳುವ ವೇಗದ ತಿರುವು. ಅದನ್ನು ನಾಲ್ಕನೆಯದು ಎಂದು ಕರೆಯೋಣ. ನೇರ ದಾರಿಯಲ್ಲಿ 145 ಕಿ.ಮೀ. ವೇಗದಲ್ಲಿ ಬಂದು, ಬ್ರೇಕ್ ಹಾಕಿ, ಸುಮಾರು 100ಕ್ಕೆ ಇಳಿಸಿ ಕಾರನ್ನು ಹೊರಳಿಸಬೇಕು. ತಿರುವಿನ ತ್ರಿಜ್ಯ ಸುಮಾರು 75 ಮೀಟರ್. ಟೈರು ಕಾರಿನ ತೂಕದಷ್ಟೇ ಅಡ್ಡ ಬಲವನ್ನು ಕೊಡಬಲ್ಲದು ಎಂದಿಟ್ಟುಕೊಂಡರೆ ಅಲ್ಲಿ ಸಾಧ್ಯವಾಗುವ ಗರಿಷ್ಠ ವೇಗ ಗಂಟೆಗೆ 97 ಕಿ.ಮೀ. ಆಸುಪಾಸು. ಹುಡುಗನ ಒಳ್ಳೆಯ ಸುತ್ತುಗಳಲ್ಲಿ ಲಾಗರು ತೋರಿಸಿದ್ದೂ ಅದನ್ನೇ. ಅಂದರೆ ತಿರುವಿನ ನಡುವೆ ಅವನು ಆಗಲೇ ಮಿತಿಯ ಮೇಲಿದ್ದ. ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಪಟ್ಟಿಯಲ್ಲಿ ಮೇಲಿದ್ದವರಿಗಿಂತ ಸುತ್ತಿಗೆ ಒಂದೂವರೆ ಸೆಕೆಂಡು ಹಿಂದಿದ್ದುದರಿಂದ, ಉಳಿದ ಸಮಯವೆಲ್ಲ ಬ್ರೇಕ್ ಹಾಕುವ ಜಾಗದಲ್ಲೇ ಅಡಗಿದೆ ಎಂದು ಅವನು ನಂಬಿದ್ದ.

ಅಭ್ಯಾಸದ ಎರಡನೇ ದಿನ, ಮಧ್ಯಾಹ್ನದ ಅವಧಿಯಲ್ಲಿ, ಅವನು ಆ ತಿರುವಿಗೆ ನಾಲ್ಕು ಮೀಟರ್ ತಡವಾಗಿ ಬ್ರೇಕ್ ಹಾಕಿದ. ಆ ವೇಗದಲ್ಲಿ ನಾಲ್ಕು ಮೀಟರ್ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಆದರೆ ಹೊರಳಿಸುವ ಜಾಗ ಬದಲಾಗದಿದ್ದರೆ ಅಲ್ಲಿ ವೇಗ ಐದು ಕಿ.ಮೀ. ಹೆಚ್ಚಾಗಿರುತ್ತದೆ. ಕಾರು ಮುಂದಿನ ಚಕ್ರಗಳಿಂದ ಓಡುವ ಹ್ಯಾಚ್‌ಬ್ಯಾಕ್. ಮುಂದಿನ ಟೈರುಗಳು ತಡೆಯಲಾರದೆ ಕಾರು ಹೊರಗೆ ಎಳೆಯತೊಡಗಿತು. ಅವನು ಸ್ಟೀರಿಂಗನ್ನು ಇನ್ನಷ್ಟು ತಿರುಗಿಸಿದ. ಗೋಡೆ ಕಣ್ಣಿಗೆ ಬಿತ್ತು. ಆಕ್ಸಿಲರೇಟರ್ ಮೇಲಿನ ಕಾಲನ್ನು ಒಮ್ಮೆಲೇ ಎತ್ತಿಬಿಟ್ಟ. ಭಾರವೆಲ್ಲ ಮುಂದಕ್ಕೆ ಬಂದು ಮುಂದಿನ ಟೈರುಗಳಿಗೆ ಥಟ್ಟನೆ ಹಿಡಿತ ಸಿಕ್ಕಿತು, ಹಗುರಾದ ಹಿಂಭಾಗ ನೆಲದ ಹಿಡಿತದಿಂದ ಕಿತ್ತುಕೊಂಡು ಹೊರಗೆ ಜಾರಿತು. ಅವನ ಕೈಗಳು ಎಂದಿನಂತೆ ಚುರುಕಾಗಿಯೇ ಎದುರು ತಿರುವು ಕೊಟ್ಟವು. ಹೊಲದಲ್ಲಾಗಿದ್ದರೆ ಅಷ್ಟು ಸಾಕಿತ್ತು. ಇಲ್ಲಿ ಹಿಡಿಯಲು ಬೇಕಾದ ಜಾಗದಲ್ಲಿ ಗೋಡೆ ನಿಂತಿತ್ತು. ಎಡ ಹಿಂಭಾಗ ಮೊದಲು ಬಡಿದು, ಆಮೇಲೆ ಎಡ ಮಗ್ಗುಲೆಲ್ಲ ಉಜ್ಜಿಕೊಂಡು ಹೋಯಿತು. ಚಾಲಕನ ಸುತ್ತ ಕಟ್ಟಿದ ಉಕ್ಕಿನ ಕೊಳವೆಗಳ ರೋಲ್ ಕೇಜ್, ಬೆಲ್ಟು, ಹೆಲ್ಮೆಟು ತಮ್ಮ ಕೆಲಸ ಮಾಡಿದ್ದರಿಂದ ಹುಡುಗನಿಗೆ ಭುಜದ ನೋವು ಬಿಟ್ಟು ಬೇರೇನೂ ಆಗಲಿಲ್ಲ. ಕಾರಿನ ಹಿಂದಿನ ಆಕ್ಸಲ್ ಬೀಮ್ ಬಗ್ಗಿತ್ತು, ಎರಡು ಬಾಗಿಲು ಹೋಗಿದ್ದವು.

ಕಾರುಗಳನ್ನು ಸಜ್ಜುಗೊಳಿಸುವ ಪಿಟ್‌ನಲ್ಲಿದ್ದವರೆಲ್ಲರೂ ಒಂದೇ ಮಾತು ಹೇಳಿದರು: ವೇಗ ಜಾಸ್ತಿಯಾಯಿತು. ನಾನೂ ಅದನ್ನೇ ಹೇಳಿದೆ.

ಮೊದಲ ಮದ್ದು ಮತ್ತು ಅದು ಹತ್ತದಿದ್ದುದು

ಕಾರು ಹುಬ್ಬಳ್ಳಿಗೆ ಮರಳಿ ಗ್ಯಾರೇಜ್ ಸೇರಿತು. ಗುಜರಿಯಿಂದ ಬೀಮ್ ಹುಡುಕಿ ತಂದು ಕೂರಿಸುವಷ್ಟರಲ್ಲಿ ಎರಡು ತಿಂಗಳು ಕಳೆದವು. ಮುಂದಿನ ಅಭ್ಯಾಸಕ್ಕೆ ನಾನು ಕೊಟ್ಟ ಸಲಹೆ ಸರಳವಾಗಿತ್ತು: ನಾಲ್ಕನೇ ತಿರುವಿಗೆ ಹತ್ತು ಮೀಟರ್ ಮೊದಲೇ ಬ್ರೇಕ್ ಹಾಕು, ಪ್ರತಿ ಐದು ಸುತ್ತಿಗೆ ಒಂದು ಮೀಟರಿನಂತೆ ಮುಂದೆ ಹೋಗು. ಕಾಗದದ ಮೇಲೆ ಇದು ಎಚ್ಚರದ ವಿಧಾನವೇ. ಹುಡುಗ ಅಕ್ಷರಶಃ ಪಾಲಿಸಿದ. ಫಲವಾಗಿ ಅವನು ಅಪಘಾತಕ್ಕೆ ಮೊದಲಿಗಿಂತ ಸುತ್ತಿಗೆ ಎರಡು ಸೆಕೆಂಡು ನಿಧಾನವಾದ. ಅದಕ್ಕಿಂತ ಕೆಟ್ಟದ್ದೆಂದರೆ ಒಂದು ಸುತ್ತು ಇನ್ನೊಂದರಂತೆ ಇರಲಿಲ್ಲ. ಬೇಗ ಬ್ರೇಕ್ ಹಾಕಿದ ಸುತ್ತಿನಲ್ಲಿ ಬ್ರೇಕನ್ನು ಬೇಗ ಬಿಟ್ಟು ಬಿಡುತ್ತಿದ್ದ, ಆಮೇಲೆ ಗಾಬರಿಯಿಂದ ಮತ್ತೆ ಒತ್ತುತ್ತಿದ್ದ. ಕಣ್ಣು ಬ್ರೇಕ್ ಹಾಕುವ ಫಲಕದ ಮೇಲೆ ನೆಟ್ಟಿರುತ್ತಿದ್ದುದರಿಂದ ತಿರುವಿನ ಒಳಗೆ ಏನಾಗುತ್ತಿದೆ ಎಂಬ ಕಡೆಗೆ ಗಮನವೇ ಇರಲಿಲ್ಲ. ನಾನು ಅವನಿಗೆ ಒಂದು ಅಂಕಿ ಕೊಟ್ಟಿದ್ದೆ, ಟೈರಿನ ಮಾತು ಕೇಳಿಸಿಕೊಳ್ಳುವ ಬಗೆಯನ್ನು ಹೇಳಿಕೊಟ್ಟಿರಲಿಲ್ಲ.

ಸಿಮ್ಯುಲೇಟರ್ ಕೂಡ ನೋಡಿದೆವು. ಧಾರವಾಡದ ಗೆಳೆಯನೊಬ್ಬನ ಮನೆಯಲ್ಲಿ ಸ್ಟೀರಿಂಗು, ಪೆಡಲು ಜೋಡಿಸಿದ ಒಂದು ಆಸನವಿತ್ತು. ತಿರುವುಗಳ ಸರಣಿ, ಗೇರು, ಕಣ್ಣು ಎಲ್ಲಿ ಇಡಬೇಕು ಎಂಬುದನ್ನು ಕಲಿಯಲು ಅದು ಬಹಳ ಒಳ್ಳೆಯದು, ಖರ್ಚೂ ಇಲ್ಲ. ಆದರೆ ಹಿಂಭಾಗ ಹಗುರಾಗುವುದು ಚಾಲಕನಿಗೆ ಮೊದಲು ತಿಳಿಯುವುದು ಸೀಟಿನ ಮೂಲಕ. ಅಲುಗಾಡದ ಕುರ್ಚಿ ಅದನ್ನು ಹೇಳಲಾರದು. ಜೊತೆಗೆ ಒಂದು ಗುಂಡಿ ಒತ್ತಿದರೆ ಕಾರು ಹೊಸದಾಗುತ್ತದೆ. ಎರೆ ಹೊಲದ ಚಾಳಿ ಇನ್ನೊಂದು ರೂಪದಲ್ಲಿ ಮರಳಿ ಬರುವುದನ್ನು ಕಂಡು, ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡವೆಂದು ಹೇಳಿದೆ.

ಈ ನಡುವೆ ಅವನು ರಾತ್ರಿ ಹೊತ್ತು ಬೈಪಾಸಿನಲ್ಲಿ ಕಾರು ಓಡಿಸಿ ‘ಧೈರ್ಯ ತಂದುಕೊಳ್ಳುತ್ತಿದ್ದ’ ಎಂಬ ಸಂಗತಿ ಗ್ಯಾರೇಜಿನ ಮಿಸ್ತ್ರಿಯಿಂದ ತಿಳಿಯಿತು. 2021ರ ಜನವರಿಯಲ್ಲಿ ಅದೇ ಬೈಪಾಸಿನ ಇಟ್ಟಿಗಟ್ಟಿ ಬಳಿ ಹಲವರ ಜೀವ ತೆಗೆದ ಅಪಘಾತವನ್ನು ಹುಬ್ಬಳ್ಳಿ-ಧಾರವಾಡದ ಯಾರೂ ಮರೆತಿಲ್ಲ. ಅದೊಂದು ದಿನ ನಾನು ದನಿ ಏರಿಸಿ ಮಾತಾಡಿದೆ. ಇನ್ನೊಮ್ಮೆ ಹಾಗೆ ಮಾಡಿದರೆ ನನ್ನ ಬಾಗಿಲು ತಟ್ಟಬೇಡ ಎಂದೆ. ಸಾರ್ವಜನಿಕ ರಸ್ತೆಯಲ್ಲಿ ಮಿತಿ ಹುಡುಕುವವನು ಚಾಲಕನೇ ಅಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೆರೆಗಳನ್ನು ಮತ್ತೆ ಓದಿದಾಗ

ತಿರುವುಮುರುವಾದದ್ದು ಅವನ ತಂದೆಯ ಒಂದು ಪ್ರಶ್ನೆಯಿಂದ. ಮಗನ ರೇಸಿಗೆ ಅವರ ಒಪ್ಪಿಗೆ ಅರ್ಧ ಮನಸ್ಸಿನದು. ಒಂದು ಸಂಜೆ ಗ್ಯಾರೇಜಿಗೆ ಬಂದು, ಚಹಾ ಕೂಡ ಮುಟ್ಟದೆ ಕೇಳಿದರು: “ಸರ, ಜೋರ್ ಹೋಗಿ ಬಡಿದಾನೋ, ಹೆದರಿ ಬಡಿದಾನೋ? ಅದನ್ನಷ್ಟ ಹೇಳ್ರಿ ನನಗ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಅಪಘಾತದ ಸುತ್ತಿನ ಗೆರೆಯನ್ನು ಅದೇ ದಿನದ ಅವನ ಉತ್ತಮ ಸುತ್ತಿನ ಗೆರೆಯ ಮೇಲಿಟ್ಟು ನೋಡಿದೆ. ಜಿಪಿಎಸ್ ಸೆಕೆಂಡಿಗೆ ಹತ್ತು ಸಲ ಬರೆಯುತ್ತದೆ. ಕಾರಿನ ಕಂಪ್ಯೂಟರಿನ ಮಾಹಿತಿ ತೆಗೆಯುವ ಒಬಿಡಿ ಪೋರ್ಟಿನಿಂದ ಥ್ರಾಟಲ್‌ನ, ಅಂದರೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬುದರ, ಲೆಕ್ಕವೂ ಬಂದಿತ್ತು. ಉತ್ತಮ ಸುತ್ತಿನಲ್ಲಿ ಆ ಜಾಗವನ್ನು ಅವನು 97ರಲ್ಲಿ ದಾಟಿದ್ದ, ಕಾಲು ಪೆಡಲಿನ ಮೇಲೆ ಹಗುರಾಗಿ ನಿಂತಿತ್ತು. ಅಪಘಾತದ ಸುತ್ತಿನಲ್ಲಿ, ಹಿಂಭಾಗ ಕಿತ್ತುಕೊಂಡ ಗಳಿಗೆಯಲ್ಲಿ, ವೇಗ 94. ಹೊರಗೆ ಎಳೆದ ಮುಂದಿನ ಟೈರುಗಳೇ ಉಜ್ಜಿ ಉಜ್ಜಿ ಹೆಚ್ಚಿನ ವೇಗವನ್ನು ತಿಂದು ಹಾಕಿದ್ದವು. ಇನ್ನು ಅರ್ಧ ಸೆಕೆಂಡು ಸುಮ್ಮನಿದ್ದಿದ್ದರೆ ಕಾರು ಕರ್ಬಿನ ಮೇಲೆ ಹಾದು ಬಹುಶಃ ಉಳಿಯುತ್ತಿತ್ತು. ಥ್ರಾಟಲ್ ಗೆರೆ ಮಾತ್ರ ಆ ಗಳಿಗೆಯಲ್ಲಿ ಕಡಿದು ಬಿದ್ದಂತೆ ಸೊನ್ನೆಗೆ ಇಳಿದಿತ್ತು.

ಮರುದಿನ ಹುಡುಗನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, “ಹೌದ್ರಿ ಸರ, ಗ್ವಾಡಿ ಕಂಡ ಕೂಡ್ಲೇ ಕಾಲು ತಾನ ಎದ್ದ ಬಂತು” ಎಂದ.

ಹಾಗಾದರೆ ತಪ್ಪು ಎರಡು ಕಡೆ ಇತ್ತು. ವೇಗ ಹೆಚ್ಚಿಸಲು ಅವನು ಆರಿಸಿಕೊಂಡ ಜಾಗ ತಿರುವಿನ ಬಾಯಿ. ಅಲ್ಲಿ ಮಾಡಿದ ತಪ್ಪಿನ ಸಾಲವನ್ನು ಇಡೀ ತಿರುವಿನುದ್ದಕ್ಕೂ ತೀರಿಸಬೇಕು. ಎರಡನೆಯದು, ಮಿತಿ ಬಂದಿದೆ ಎಂದು ಟೈರು ಹೇಳಿದ್ದನ್ನು ಅವನು ಕೇಳಿಸಿಕೊಂಡಿರಲಿಲ್ಲ. ಗೋಡೆ ಹೇಳಿದ ಮೇಲೆ ಕೇಳಿಸಿತು. ಜಾರಿದ್ದನ್ನು ಹಿಡಿಯುವ ಕೈ ಅವನಲ್ಲಿತ್ತು, ಜಾರುವ ಮುನ್ನ ತಿಳಿಯುವ ಕೈ ಇರಲಿಲ್ಲ. ಕ್ಷಮಿಸುವ ಜಾಗದಲ್ಲಿ ಕಲಿತವರಲ್ಲಿ ಈ ಕೊರತೆ ಸಾಮಾನ್ಯವೆಂದು ಆಮೇಲೆ ಬೇರೆಯವರ ಗೆರೆಗಳಲ್ಲೂ ಕಂಡಿದ್ದೇನೆ.

ತಂದೆಗೆ “ಹೆದರಿ ಬಡಿದಾನ್ರಿ” ಎಂದು ಹೇಳಿದಾಗ ಅವರು ಅಚ್ಚರಿಪಡಲಿಲ್ಲ. ಅರಬೈಲ್ ಘಟ್ಟದ ಮಾತು ತೆಗೆದರು. ತುಂಬಿದ ಲಾರಿಯನ್ನು ಇಳಿಸುವಾಗ ಗೇರು ಮೇಲೆಯೇ ಹಾಕಿಕೊಳ್ಳಬೇಕು, ಇಳಿಯತೊಡಗಿದ ಮೇಲೆ ಗೇರು ಬದಲಿಸಲು ಕೈ ಹಾಕಿದವನು ಇದ್ದ ಗೇರು, ಹಾಕಬೇಕಿದ್ದ ಗೇರು ಎರಡನ್ನೂ ಕಳೆದುಕೊಳ್ಳುತ್ತಾನೆ ಎಂದರು. “ನಡುವ ಮನಸ್ ಬದಲ್ ಮಾಡಬಾರ್ದ್ರಿ” ಎಂಬ ಅವರ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ರೇಸಿನ ತಿರುವು ಘಟ್ಟವಲ್ಲ, ನಿಜ. ಆದರೂ ಅಂದಿನಿಂದ ಹುಡುಗನಿಗೆ ಕೊಟ್ಟ ಪ್ರತಿ ಸೂಚನೆಯೂ ತಿರುವಿಗೆ ಹೋಗುವ ಮೊದಲೇ ತೀರ್ಮಾನವಾಗಿರುವಂಥದ್ದಾಯಿತು.

ಜಿನ್ನಿಂಗ್ ಅಂಗಳದ ಮೂರು ಭಾನುವಾರ

ಟೈರಿನ ಮಿತಿಗೆ ವೇಗದ ಹಂಗಿಲ್ಲ. 75 ಮೀಟರ್ ತ್ರಿಜ್ಯದಲ್ಲಿ ಅದು 97 ಕಿ.ಮೀ.ಗೆ ಬರುವುದಾದರೆ, 15 ಮೀಟರ್ ತ್ರಿಜ್ಯದ ಸುತ್ತಿನಲ್ಲಿ, ಹಿಡಿತ ಸ್ವಲ್ಪ ಕಡಿಮೆಯಿರುವ ಟೈರಿಗೆ, 40 ಕಿ.ಮೀ.ಗೂ ಮೊದಲೇ ಬರುತ್ತದೆ. ನೆಲ ಒದ್ದೆಯಾದರೆ 30ಕ್ಕೆ. ಹಾಗಾದರೆ ಮಿತಿಯ ಪಾಠಕ್ಕೆ ಸರ್ಕ್ಯೂಟೇ ಬೇಕೆಂದಿಲ್ಲ.

ಅಣ್ಣಿಗೇರಿಯ ಕಡೆ ಕೆಲಸ ನಿಂತುಹೋದ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಕಾಂಕ್ರೀಟ್ ಅಂಗಳವನ್ನು ಮಾಲೀಕರ ಒಪ್ಪಿಗೆ ಪಡೆದು ಬಳಸಿದೆವು. ರೇಸ್ ಕಾರನ್ನು ಮುಟ್ಟಲಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಮಾರುತಿ 800 ಒಂದನ್ನು ತಂದು, ಹಿಂದಿನ ಚಕ್ರಗಳಿಗೆ ಸವೆದ ಟೈರು ಹಾಕಿಸಿ, ಟ್ಯಾಂಕರಿನಿಂದ ನೀರು ಬಿಡಿಸಿ, ಸುತ್ತಲೂ ಕೋನ್ ಇಟ್ಟೆವು. ಹುಡುಗ ಮೊದಲು ನಕ್ಕ. ರೇಸ್ ಕಾರು ಓಡಿಸುವವನಿಗೆ ಮೂವತ್ತರ ವೇಗದಲ್ಲಿ ಗಾಣದೆತ್ತಿನಂತೆ ಸುತ್ತು ಎಂದರೆ ಮತ್ತೇನು ಮಾಡಬೇಕು?

ಮೊದಲ ಭಾನುವಾರ ಒಂದೇ ಕೆಲಸ: ಸ್ಟೀರಿಂಗ್ ಹಗುರಾಗುವ ಗಳಿಗೆಯನ್ನು ಬಾಯಿಬಿಟ್ಟು ಹೇಳುವುದು. ಇದರ ಹಿಂದಿನ ಕಾರಣವನ್ನು ಸ್ವಲ್ಪ ವಿವರಿಸಬೇಕು. ಹೊರಳುವ ಟೈರು ನೆಲವನ್ನು ಮುಟ್ಟಿರುವ ಅಂಗೈ ಅಗಲದ ಜಾಗದಲ್ಲಿ ಅಡ್ಡ ಬಲ ನಡುಮಧ್ಯದಲ್ಲಿ ಅಲ್ಲದೆ ತುಸು ಹಿಂದೆ ಬೀಳುತ್ತದೆ. ಹಾಗಾಗಿಯೇ ಅದು ಚಕ್ರವನ್ನು ನೇರಕ್ಕೆ ಎಳೆಯುತ್ತದೆ, ನಮ್ಮ ಕೈಗೆ ಸ್ಟೀರಿಂಗ್ ಬಿಗಿಯಾಗಿ ತಿಳಿಯುತ್ತದೆ. ಮಿತಿ ಹತ್ತಿರವಾದಂತೆ ಆ ಅಂಗೈಯ ಹಿಂಭಾಗ ಮೊದಲು ಜಾರತೊಡಗಿ ಬಲದ ಜಾಗ ಮುಂದಕ್ಕೆ ಸರಿಯುತ್ತದೆ, ಎಳೆತ ಕಡಿಮೆಯಾಗುತ್ತದೆ. ಮುಖ್ಯವಾದ ಮಾತೆಂದರೆ ಇದು ಹಿಡಿತ ಮುಗಿಯುವ ಮೊದಲೇ ಆಗುತ್ತದೆ. ಅಂದರೆ ಟೈರು ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಮೊದಲ ಒಂದು ಗಂಟೆ ಹುಡುಗ ಪ್ರತಿ ಸಲವೂ ಕಾರು ಹೊರಗೆ ಎಳೆದ ಮೇಲೆ “ಈಗ” ಎನ್ನುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ‘ಈಗ’ ಮೊದಲು, ಎಳೆತ ಆಮೇಲೆ ಬರತೊಡಗಿತು. ಪಕ್ಕದಲ್ಲಿ ಕುಳಿತಿದ್ದ ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದು.

ಎರಡನೇ ಭಾನುವಾರ ಕಾಲಿನ ಪಾಠ. ಸುತ್ತಿನ ಮೇಲೆ ಕಾರನ್ನು ಮಿತಿಗೆ ತಂದು, ಬೇಕೆಂದೇ ಆಕ್ಸಿಲರೇಟರ್ ಒಮ್ಮೆಲೇ ಬಿಡುವುದು, ಹಿಂಭಾಗ ತಿರುಗುವುದನ್ನು ನೋಡುವುದು. ಆಮೇಲೆ ಅದೇ ಸ್ಥಿತಿಯಲ್ಲಿ ಕಾಲನ್ನು ಕದಲಿಸದೆ ಸ್ಟೀರಿಂಗನ್ನು ಮಾತ್ರ ಬೆರಳಗಲ ಬಿಚ್ಚಿ, ಅಂದರೆ ನೇರದ ಕಡೆಗೆ ತುಸು ಮರಳಿಸಿ, ಮುಂದಿನ ಟೈರು ಮತ್ತೆ ಕಚ್ಚಿಕೊಳ್ಳುವುದನ್ನು ಕಾಯುವುದು. ಹೊರಗೆ ಎಳೆಯುತ್ತಿರುವ ಕಾರಿನ ಸ್ಟೀರಿಂಗ್ ಬಿಚ್ಚುವುದು ಮನಸ್ಸು ಒಪ್ಪುವ ಕೆಲಸವಲ್ಲ. ಅರವತ್ತಕ್ಕೂ ಹೆಚ್ಚು ಸಲ ಮಾಡಿಸಿದೆ. ನೀರು ಮುಗಿಯಿತು, ಟ್ಯಾಂಕರನ್ನು ಮತ್ತೆ ತರಿಸಿದೆವು.

ಮೂರನೆಯ ಸಲ ಬ್ರೇಕ್. ಟೈರಿನ ಹಿಡಿತವನ್ನು ತಿಂಗಳ ಪಗಾರಕ್ಕೆ ಹೋಲಿಸಿ ಹೇಳುವ ರೂಢಿ ನನ್ನದು: ಬ್ರೇಕಿಗೆ ಖರ್ಚು ಮಾಡಿದ್ದು ತಿರುವಿಗೆ ಸಿಗುವುದಿಲ್ಲ. ಆದರೆ ಈ ಹೋಲಿಕೆ ಒಂದು ಕಡೆ ಸೋಲುತ್ತದೆ. ಪಗಾರದಲ್ಲಿ ಶೇ 80 ಖರ್ಚಾದರೆ ಉಳಿಯುವುದು ಶೇ 20. ಟೈರಿನಲ್ಲಿ ಬ್ರೇಕಿಗೆ ಶೇ 80 ಹೋದಾಗಲೂ ತಿರುವಿಗೆ ಶೇ 60 ಉಳಿಯುತ್ತದೆ, ಏಕೆಂದರೆ ಎರಡು ಬಲಗಳೂ ಲಂಬಕೋನದಲ್ಲಿ ಕೂಡುತ್ತವೆ. ಶಾಲೆಯಲ್ಲಿ ಕಲಿತ ಮೂರು-ನಾಲ್ಕು-ಐದರ ತ್ರಿಕೋನವೇ ಇದು. ಆದ್ದರಿಂದ ಬ್ರೇಕನ್ನು ನೇರ ದಾರಿಯಲ್ಲೇ ಪೂರ್ತಿ ಮುಗಿಸಿ ಹೊರಳಿಸುವವನು ಹಿಡಿತವನ್ನು ಹಾಳು ಮಾಡುತ್ತಾನೆ. ಹೊರಳಿಸುತ್ತ ಹೊರಳಿಸುತ್ತ ಬ್ರೇಕನ್ನು ಮೆಲ್ಲಗೆ ಬಿಡುವವನು ಅದನ್ನು ಬಳಸಿಕೊಳ್ಳುತ್ತಾನೆ. ಹುಡುಗ ಹುಡುಕುತ್ತಿದ್ದ ಸಮಯದ ಒಂದು ದೊಡ್ಡ ಪಾಲು ಬ್ರೇಕ್ ಹಾಕುವ ಜಾಗದಲ್ಲಿರದೆ ಬ್ರೇಕ್ ಬಿಡುವ ರೀತಿಯಲ್ಲಿತ್ತು.

ಮರಳಿ ಸರ್ಕ್ಯೂಟಿಗೆ

ಹೋಗುವ ಮೊದಲು ಸರ್ಕ್ಯೂಟಿನ ನಕ್ಷೆಯನ್ನು ಬಿಡಿಸಿ, ತಪ್ಪಿದರೆ ತೆರಬೇಕಾದ ಬೆಲೆಯ ಪ್ರಕಾರ ಪ್ರತಿ ತಿರುವಿಗೆ ಬಣ್ಣ ಹಚ್ಚಿದೆವು: ಬರೀ ಸಮಯ ಹೋಗುವಲ್ಲಿ ಹಸಿರು, ಹುಲ್ಲು ಮಣ್ಣಿಗೆ ಇಳಿಯುವಲ್ಲಿ ಹಳದಿ, ಗೋಡೆಯಿದ್ದಲ್ಲಿ ಕೆಂಪು. ಮಿತಿಯನ್ನು ಹುಡುಕುವುದು ಹಸಿರಿನಲ್ಲಿ ಮಾತ್ರ. ಅಲ್ಲಿಯೂ ಮೊದಲು ತಿರುವಿನ ಹೊರಬಾಗಿಲಿನಿಂದ ಶುರು ಮಾಡಿ, ಆಮೇಲೆ ನಡುವಿಗೆ, ಕೊನೆಗೆ ಬಾಯಿಗೆ ಬರಬೇಕು. ಹೊರಬರುವಾಗ ಸ್ಟೀರಿಂಗ್ ಬಿಚ್ಚುತ್ತಿರುತ್ತದೆ, ತಪ್ಪು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ, ತಿದ್ದಲು ಹೊತ್ತಿರುತ್ತದೆ. ಮೇಲಾಗಿ ಅಲ್ಲಿ ಗಳಿಸಿದ ವೇಗ ಮುಂದಿನ ನೇರ ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಹೆಜ್ಜೆಯ ಅಳತೆ ಎರಡು ಕಿ.ಮೀ.; ಅದೇ ವೇಗದಲ್ಲಿ ಮೂರು ಸುತ್ತು ಒಂದೇ ರೀತಿ ಬಂದ ಮೇಲಷ್ಟೇ ಮುಂದಿನ ಹೆಜ್ಜೆ. ಕೆಂಪು ತಿರುವುಗಳಿಗೆ ಆ ಇಡೀ ದಿನ ಒಂದೇ ವೇಗ, ಬದಲಿಸುವಂತಿಲ್ಲ.

ಮೊದಲ ದಿನದ ಕೊನೆಗೆ ಅವನು ಪಟ್ಟಿಯ ತಳದಲ್ಲಿದ್ದ. ಪಿಟ್‌ನಲ್ಲಿ ಒಂದಿಬ್ಬರು ಅಪಘಾತದ ಮೇಲೆ ಹುಡುಗ ಮುಗಿದ ಎಂದು ಮಾತಾಡಿಕೊಂಡದ್ದು ಅವನ ಕಿವಿಗೂ ಬಿತ್ತು. ಆ ಸಂಜೆಯ ಕೊನೆಯ ಅವಧಿಯಲ್ಲಿ ಅವನು ಯೋಜನೆಯನ್ನು ಬಿಡುತ್ತಾನೆಂದೇ ನಾನು ಎಣಿಸಿದ್ದೆ. ಬಿಡಲಿಲ್ಲ. ನನ್ನ ಲೆಕ್ಕದಲ್ಲಿ ಅವನು ರೇಸ್ ಚಾಲಕನಾದದ್ದು ಆ ಇಪ್ಪತ್ತು ನಿಮಿಷದಲ್ಲಿ.

ಎರಡನೇ ದಿನ ಹಸಿರು ತಿರುವುಗಳಲ್ಲಿ ಕಲಿತದ್ದನ್ನು ಕೆಂಪಿಗೆ ಒಯ್ಯುವ ಕೆಲಸ. ನಾಲ್ಕನೇ ತಿರುವಿನಲ್ಲಿ ಬ್ರೇಕ್ ಹಾಕುವ ಫಲಕ ಹಳೆಯದೇ. ಬದಲಾದದ್ದು ಬ್ರೇಕ್ ಬಿಡುವ ಬಗೆ ಮತ್ತು ಹೊರಬರುವಾಗ ಕಾಲು ಒತ್ತುವ ಹೊತ್ತು. ಸ್ಟೀರಿಂಗ್ ಹಗುರಾಗುವ ಮಾತು ಅಲ್ಲಿಯೂ ಅದೇ ದನಿಯಲ್ಲಿ ಕೇಳಿಸಿತೆಂದು ಬಂದು ಹೇಳಿದ. ಅದು ಕೇಳಿಸಿದ ವೇಗಕ್ಕಿಂತ ಒಂದು ಹೆಜ್ಜೆ ಕೆಳಗೆ ಅವನು ನಿಂತ. ಇದು ಅವನದೇ ನಿರ್ಧಾರ; ನಾನು ಹೇಳಿದ್ದಲ್ಲ.

ಮೂರನೇ ಬೆಳಗ್ಗೆ ಇನ್ನೊಂದು ಸಂಗತಿ ಕಂಡಿತು. ರಾತ್ರಿ ಗಾಳಿ ಬೀಸಿ ದಾರಿಯ ಮೇಲೆ ಧೂಳು ಕೂತಿತ್ತು. ಹಿಡಿತ ಶೇ 10 ಇಳಿದರೆ 97ರ ಮಿತಿ 92ಕ್ಕೆ ಬರುತ್ತದೆ. ಹಿಂದಿನ ದಿನದ ಅಂಕಿಯನ್ನು ನಂಬಿದವನು ಗೋಡೆಗೆ ಹೋಗುತ್ತಾನೆ. ಹುಡುಗ ಹೊರಟ ಮೊದಲ ಸುತ್ತಿನ ಮೊದಲ ಹಸಿರು ತಿರುವಿನಲ್ಲೇ ಸ್ಟೀರಿಂಗಿನ ಬಿಗಿಯನ್ನು ತೂಗಿ ನೋಡಿ, ನಾಲ್ಕನೆಯದಕ್ಕೆ ತಾನಾಗಿ ವೇಗ ಇಳಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಕಾರುಗಳು ಓಡಿ ಓಡಿ ದಾರಿ ಸ್ವಚ್ಛವಾದಾಗ ಮತ್ತೆ ಏರಿಸಿದ. ಟೈರಿನ ಗಾಳಿಯ ಒತ್ತಡವನ್ನು ಪ್ರತಿ ಅವಧಿಯ ನಂತರ ಅಳೆದು ಬರೆದಿಡುವ ಅಭ್ಯಾಸವನ್ನು ಅವನು ಅಂದೇ ತಾನಾಗಿ ಶುರು ಮಾಡಿದ. ಟೈರು ಐದಾರು ಡಿಗ್ರಿ ಬಿಸಿಯಾದರೆ ಒತ್ತಡ ಒಂದು ಪಿಎಸ್ಐ ಏರುತ್ತದೆ, ಅದರ ಜೊತೆ ಹಿಡಿತವೂ ಬದಲಾಗುತ್ತದೆ.

ಓಟದ ದಿನ

ಅರ್ಹತಾ ಸುತ್ತಿನಲ್ಲಿ ಅವನ ಸಮಯ ಅಪಘಾತಕ್ಕೆ ಮೊದಲಿನ ಅವನದೇ ಉತ್ತಮಕ್ಕಿಂತ 1.1 ಸೆಕೆಂಡು ಕಡಿಮೆಯಿತ್ತು. ಅದರಲ್ಲಿ ನಾಲ್ಕನೇ ತಿರುವಿನ ಪಾಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಗೋಡೆಗೆ ಬಡಿಸಿದ ಆ ತಿರುವಿನಲ್ಲಿ ಗೆಲ್ಲುವಂಥದ್ದು ಮೊದಲಿನಿಂದಲೂ ಇರಲೇ ಇಲ್ಲ ಎಂಬುದು ಗೆರೆಗಳನ್ನು ಒಂದರ ಮೇಲೊಂದು ಇಟ್ಟಾಗ ನಮಗಿಬ್ಬರಿಗೂ ಸ್ವಲ್ಪ ನಾಚಿಕೆ ತರಿಸಿತು.

ಓಟದಲ್ಲಿ ಅವನು ಆರನೆಯವನಾಗಿ ಮುಗಿಸಿದ. ಒಂದು ಗಳಿಗೆ ಮಾತ್ರ ನನ್ನ ಎದೆ ನಿಂತಿತು. ಹಿಂದಿನವನು ಬಹಳ ದೂರ ಉಳಿದಿದ್ದನ್ನು ಕಂಡು, ಕೊನೆಯ ನಾಲ್ಕು ಸುತ್ತುಗಳನ್ನು ಆರಾಮವಾಗಿ ಓಡಿಸಲು ಹೋಗಿ, ಒಂದು ಹಳದಿ ತಿರುವಿಗೆ ಬ್ರೇಕ್ ಹಾಕುವುದನ್ನೇ ತಡ ಮಾಡಿ ಹುಲ್ಲಿಗೆ ಇಳಿದು ಬಂದ. 1988ರ ಮೊನಾಕೊದಲ್ಲಿ ಬ್ರೆಜಿಲ್‌ನ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾಗೂ ಹೀಗೇ ಆಗಿತ್ತು: ತನ್ನದೇ ತಂಡದ ಅಲೆನ್ ಪ್ರಾಸ್ಟ್‌ಗಿಂತ ಅರ್ಹತಾ ಸುತ್ತಿನಲ್ಲಿ 1.4 ಸೆಕೆಂಡು ಮುಂದಿದ್ದವರು, ಓಟದಲ್ಲೂ ಬಹುದೂರ ಮುಂದಿದ್ದು, ನಿಧಾನ ಮಾಡಿದ ಮೇಲೆ, 78 ಸುತ್ತಿನ ಓಟದ 67ನೇ ಸುತ್ತಿನಲ್ಲಿ ಪೋರ್ಟಿಯೆ ತಿರುವಿನ ತಡೆಗೋಡೆಗೆ ಬಡಿದರು. ಮಿತಿಯ ಹತ್ತಿರ ಓಡುವಾಗ ಟೈರು ಎಡೆಬಿಡದೆ ಮಾತಾಡುತ್ತಿರುತ್ತದೆ. ವೇಗ ಇಳಿಸಿದರೆ ಆ ಮಾತು ನಿಲ್ಲುತ್ತದೆ, ಅದರ ಜೊತೆ ಚಾಲಕನ ಗಮನವೂ ಜಾರುತ್ತದೆ. ಇದನ್ನು ನಮ್ಮ ಯೋಜನೆಯಲ್ಲಿ ನಾನು ಸೇರಿಸಿರಲಿಲ್ಲ. ಈಗ ಸೇರಿಸಿದ್ದೇನೆ: ನಿಧಾನ ಮಾಡಬೇಕೆಂದರೆ ನೇರ ದಾರಿಯಲ್ಲಿ ಮಾಡಬೇಕು, ಬ್ರೇಕ್ ಹಾಕುವ ಜಾಗಗಳನ್ನು ಮುಟ್ಟಬಾರದು.

ಓಟವಾದ ಮುಂದಿನ ವಾರ ಹುಡುಗ ಲಾಗರಿನ ಪೆನ್ ಡ್ರೈವ್ ಹಿಡಿದು ಧಾರವಾಡದ ಮನೆಗೆ ಬಂದ. ಮುಂದಿನ ಸಾಲಿನವರು ನಾಲ್ಕನೇ ತಿರುವನ್ನು ಇವನಿಗಿಂತ ಮೂರು ಕಿ.ಮೀ. ಹೆಚ್ಚು ವೇಗದಲ್ಲಿ ದಾಟುತ್ತಿರುವುದನ್ನು ವಿಡಿಯೊದಲ್ಲಿ ತೋರಿಸಿ, ಒಂದು ಹೆಜ್ಜೆ ಏರಿಸಬಹುದೇ ಎಂದು ಕೇಳಿದ. ಅವರ ಟೈರು ಹೊಸದು, ನಿನ್ನದು ಎರಡು ಓಟ ಕಂಡದ್ದು ಎಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಹಂಗಾರ ಟೈರ್ ಬದಲ್ ಆಗೂತನಾ ಹಿಂಗ ಇರ್ಲಿ ಬಿಡ್ರಿ” ಎಂದು ಗೆರೆಯನ್ನು ಮುಚ್ಚಿ, ಆರನೇ ತಿರುವಿನ ಗೆರೆಯನ್ನು ತೆರೆದ. ಅದು ಹಸಿರು ತಿರುವು.